ಗಣಕಯಂತ್ರವನ್ನು ಕೊಳ್ಳುವ ಮುನ್ನ

ಬಟ್ಟೆಯನ್ನು ಕೊಳ್ಳುವವನು ಅದನ್ನು ಬೆರಳುಗಳ ನಡುವೆ ಹಿಡಿದು ನೋಡುತ್ತಾನೆ. ಎತ್ತನ್ನು ಕೊಳ್ಳುವವನು ಅದರ ಹಲ್ಲನ್ನೆಣಿಸಿ ವಯಸ್ಸನ್ನು ತಿಳಿಯುತ್ತಾನೆ. ತೆಂಗಿನಕಾಯಿಯನ್ನು ಕೊಳ್ಳುವವಳು ಅದನ್ನು ಕಿವಿಯ ಬಳಿ ಅಲುಗಾಡಿಸಿ ನೀರಿನ ಸದ್ದನ್ನು ಕೇಳುತ್ತಾಳೆ. ಗಣಕಯಂತ್ರವನ್ನು ಕೊಳ್ಳಲು ಹೋದವನಿಗೆ ಇಂಥ ಸುಲಭವಾದ ಪರೀಕ್ಷೆ ಯಾವುದೂ ಇಲ್ಲ. ಅಂಗಡಿಯ ಮೇಜಿನ ಮೇಲೆ ಹತ್ತು ಲ್ಯಾಪ್‌ಟಾಪುಗಳು ಬಾಯ್ದೆರೆದು ಕುಳಿತಿರುತ್ತವೆ. ಹತ್ತೂ ಒಂದೇ ಬಗೆಯಾಗಿ ಹೊಳೆಯುತ್ತಿರುತ್ತವೆ. ಒಂದರ ಬೆಲೆ ಮೂವತ್ತು ಸಾವಿರ, ಅದರ ಪಕ್ಕದ್ದಕ್ಕೆ ಎಪ್ಪತ್ತು ಸಾವಿರ. ಪ್ರತಿಯೊಂದರ ಮುಂದೆಯೂ ಒಂದು ಚೀಟಿ, ಆ ಚೀಟಿಯ ಮೇಲೆ ಅಂಕಿಗಳ ಒಂದು ಸಾಲು. ಆ ಅಂಕಿಗಳೇ ಈ ಯಂತ್ರದ ಹಲ್ಲುಗಳು. ಅವುಗಳನ್ನೆಣಿಸುವ ವಿದ್ಯೆಯನ್ನು ಇಲ್ಲಿ ತುಸು ವಿಚಾರಿಸೋಣ.

ವಿಷಯವು ಹಗುರವಾದುದಲ್ಲ. ಮಗಳನ್ನೋ ಮಗನನ್ನೋ ಪದವಿ ತರಗತಿಗೆ ಕಳುಹಿಸುವ ಅನೇಕ ಸಂಸಾರಗಳಲ್ಲಿ, ಶುಲ್ಕ ವಸತಿಗಳ ತರುವಾಯ ಬರುವ ಅತಿ ದೊಡ್ಡ ವೆಚ್ಚವೇ ಇದು. ಅಡಕೆಯನ್ನು ಮಾರಿದ ಹಣವೋ, ಸಂಘದಿಂದ ತಂದ ಸಾಲವೋ, ತಾಯಿಯು ತಿಂಗಳು ತಿಂಗಳೂ ಚೀಟಿ ಕಟ್ಟಿ ಕೂಡಿಸಿದ ಮೊತ್ತವೋ ಒಂದು ಮಧ್ಯಾಹ್ನದೊಳಗೆ ಅಂಗಡಿಯ ಗಲ್ಲಾಪೆಟ್ಟಿಗೆಯನ್ನು ಸೇರಿಬಿಡುತ್ತದೆ. ಕೊಂಡ ಯಂತ್ರವು ಎರಡನೆಯ ವರ್ಷದಲ್ಲಿಯೇ ತೆವಳತೊಡಗಿದರೆ, ಕೊನೆಯ ವರ್ಷದ ಪ್ರಬಂಧವನ್ನು ಬರೆಯುವ ಹೊತ್ತಿಗೆ ಇನ್ನೊಂದನ್ನು ಕೊಳ್ಳಲು ಮನೆಯಲ್ಲಿ ಹಣವಿರುವುದಿಲ್ಲ. ಹೀಗಿರುವಾಗ, ನೆರೆಮನೆಯವನು ಕೊಂಡದ್ದನ್ನೇ ನಾನೂ ಕೊಳ್ಳುತ್ತೇನೆ ಎನ್ನುವುದು ಜಾಣತನವಾಗದು.

ಮೊತ್ತಮೊದಲು ಒಂದು ಪ್ರಶ್ನೆಯನ್ನು ತಿದ್ದಿಕೊಳ್ಳಬೇಕು. "ಯಾವ ಗಣಕಯಂತ್ರ ಒಳ್ಳೆಯದು?" ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಇದು "ಯಾವ ವಾಹನ ಒಳ್ಳೆಯದು?" ಎಂದು ಕೇಳಿದಂತೆ. ಹುಲ್ಲು ಸಾಗಿಸಬೇಕಾದವನಿಗೆ ಒಂದು, ಪೇಟೆಗೆ ಹೋಗಿ ಬರಬೇಕಾದವನಿಗೆ ಇನ್ನೊಂದು. ಯಂತ್ರದಿಂದ ಆಗಬೇಕಾದ ಕೆಲಸಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳದೆ ಅಂಗಡಿಯ ಮೆಟ್ಟಿಲನ್ನು ಹತ್ತಲೇಬಾರದೆಂಬುದು ನಮ್ಮ ಮತ.

ಕೆಲಸಕ್ಕೂ ಕೆಲಸಕ್ಕೂ ಇರುವ ಅಂತರವು ಎಷ್ಟೆಂಬುದನ್ನು ಸಾಮಾನ್ಯವಾಗಿ ನಾವು ಊಹಿಸುವುದಿಲ್ಲ. ಒಂದು ಲೆಕ್ಕವನ್ನು ಮಾಡಿ ನೋಡೋಣ. ಈಗಿನ ಗಣಕಯಂತ್ರಗಳು ಕನ್ನಡವನ್ನು ಯೂನಿಕೋಡ್ ಎಂಬ ಸಂಕೇತಪದ್ಧತಿಯಲ್ಲಿ ಬರೆದಿಡುತ್ತವೆ. ಸಾಧಾರಣವಾಗಿ ಬಳಕೆಯಲ್ಲಿರುವ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟುಗಳ ಜಾಗ ಬೇಕು. 'ಸ್ತ್ರೀ' ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯಂತ್ರಕ್ಕಾದರೋ ಅದು ಸಕಾರ, ವಿರಾಮ, ತಕಾರ, ವಿರಾಮ, ರಕಾರ, ದೀರ್ಘ ಈಕಾರದ ಗುಣಿತ ಎಂಬ ಆರು ಚಿಹ್ನೆಗಳ ಸರಣಿ. ಎಂದರೆ 18 ಬೈಟುಗಳು. ಪುಟವೊಂದಕ್ಕೆ 1,500 ಚಿಹ್ನೆಗಳಂತೆ 300 ಪುಟಗಳ ಕಾದಂಬರಿಯನ್ನು ಬರೆದಿಟ್ಟರೆ ಆಗುವುದು ಸುಮಾರು ಹದಿಮೂರೂವರೆ ಲಕ್ಷ ಬೈಟು, ಅಂದರೆ 1.35 ಮೆಗಾಬೈಟು. ಇಂದು ಅಂಗಡಿಯಲ್ಲಿ ದೊರೆಯುವ 512 ಗಿಗಾಬೈಟಿನ ಸಂಗ್ರಹದಲ್ಲಿ ಇಂಥ ಮೂರು ಲಕ್ಷ ಎಪ್ಪತ್ತು ಸಾವಿರ ಕಾದಂಬರಿಗಳಿಗೆ ಮಿಗಿಲಾಗಿ ಹಿಡಿಯುತ್ತವೆ. ಆದರೆ ಕೈಯಲ್ಲಿರುವ ಮೊಬೈಲಿನಿಂದ ಒಂದೇ ಒಂದು ನಿಮಿಷದ ವಿಡಿಯೊವನ್ನು ತೆಗೆದರೆ ಅದಕ್ಕೆ 100 ಮೆಗಾಬೈಟಿನ ಸುಮಾರು ಜಾಗ ಬೇಕಾಗುತ್ತದೆ. ಎಪ್ಪತ್ತು ಕಾದಂಬರಿಗಳು ಒಂದು ನಿಮಿಷದ ಚಲಚ್ಚಿತ್ರಕ್ಕೆ ಸಮ! ಬರೆಯುವವನ ಅಗತ್ಯವೂ ವಿಡಿಯೊ ಸಂಕಲನ ಮಾಡುವವನ ಅಗತ್ಯವೂ ಒಂದೇ ಚೀಟಿಯಿಂದ ತೀರಲಾರದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇನ್ನೊಂದು ಹೋಲಿಕೆಯೂ ಉಚಿತವೇ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನಮ್ಮವರೇ ಕಟ್ಟಿ 1960ರಲ್ಲಿ ನಡೆಸತೊಡಗಿದ ಟಿಫ್ರಾಕ್ ಗಣಕಯಂತ್ರದ ಸ್ಮೃತಿಯು 2,048 ಪದಗಳಷ್ಟು. ಪದವೊಂದಕ್ಕೆ 40 ಬಿಟ್ಟುಗಳು. ಬೈಟುಗಳ ಲೆಕ್ಕದಲ್ಲಿ ಹತ್ತು ಸಾವಿರಕ್ಕೆ ಸ್ವಲ್ಪ ಹೆಚ್ಚು. ಇಂದಿನ 8 ಗಿಗಾಬೈಟಿನ ಸಾಧಾರಣ ಯಂತ್ರದ ಸ್ಮೃತಿ ಅದರ ಎಂಟು ಲಕ್ಷ ಪಟ್ಟಿಗಿಂತಲೂ ಅಧಿಕ. ಆದರೂ ಅದು "ಸಾಲದು" ಎಂದು ನಾವು ದೂರುತ್ತೇವೆ. ಗಣಿತ ಬೆಳೆದುದರಿಂದ ಹೀಗಾಯಿತೆಂದು ಭಾವಿಸಬಾರದು; ಚಿತ್ರ, ಧ್ವನಿ, ಬಣ್ಣದ ಕಿಟಕಿ, ಜಾಹೀರಾತು ಇವುಗಳ ಹೊರೆಯೇ ಬೆಳೆದಿದೆ.

ಸಂಸ್ಕಾರಕ

ಚೀಟಿಯ ಮೊದಲ ಸಾಲಿನಲ್ಲಿರುವುದು ಸಂಸ್ಕಾರಕದ, ಎಂದರೆ ಪ್ರೊಸೆಸರಿನ ಹೆಸರು. ಲೆಕ್ಕವನ್ನು ನಿಜವಾಗಿ ಮಾಡುವ ಅಂಗವೇ ಇದು. ಇದರ ವೇಗವನ್ನು ಗಿಗಾಹರ್ಟ್ಸುಗಳಲ್ಲಿ ಹೇಳುತ್ತಾರೆ. 3 ಗಿಗಾಹರ್ಟ್ಸ್ ಎಂದರೆ ಒಂದು ಸೆಕೆಂಡಿಗೆ 300 ಕೋಟಿ ಮಿಡಿತಗಳು. ಇಂಥ ಒಂದು ಮಿಡಿತದ ಅವಧಿಯಲ್ಲಿ ಬೆಳಕು ಸಹ ಹತ್ತೇ ಸೆಂಟಿಮೀಟರು, ಅರ್ಧ ಗೇಣಿಗೂ ಕಡಮೆ ದೂರ ಸಾಗೀತು! ಮಿಡಿತಗಳ ಸಂಖ್ಯೆಯನ್ನು ಹೆಚ್ಚಿಸುತ್ತ ಹೋದರೆ ಯಂತ್ರದ ವೇಗವೂ ಹೆಚ್ಚುತ್ತ ಹೋಗಬೇಕಷ್ಟೆ. 2004ರ ಸುಮಾರಿನವರೆಗೆ ತಯಾರಕರು ಮಾಡಿದುದೂ ಇದನ್ನೇ. ಆದರೆ ಮಿಡಿತವನ್ನು ಹೆಚ್ಚಿಸಬೇಕಾದರೆ ವಿದ್ಯುತ್ತಿನ ಒತ್ತಡವನ್ನೂ ಹೆಚ್ಚಿಸಬೇಕಾಗುತ್ತದೆ. ಹುಟ್ಟುವ ಶಾಖವು ಆ ಒತ್ತಡದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಉಗುರಿನಗಲದ ಸಿಲಿಕಾನ್ ತುಣುಕು ಆ ಶಾಖವನ್ನು ತಾಳಲಾರದೆ ಹೋಯಿತು. ಆದಕಾರಣ ತಯಾರಕರು ಒಂದೇ ತುಣುಕಿನಲ್ಲಿ ಎರಡು, ನಾಲ್ಕು, ಎಂಟು ಎಂಬಂತೆ ಅನೇಕ ಲೆಕ್ಕಿಗರನ್ನು ಕೂರಿಸತೊಡಗಿದರು. ಇವುಗಳನ್ನು 'ಕೋರ್' ಎಂದು ಕರೆಯುತ್ತಾರೆ.

ಕೋರುಗಳು ಇಮ್ಮಡಿಯಾದರೆ ಕೆಲಸವೂ ಇಮ್ಮಡಿ ವೇಗದಲ್ಲಿ ಮುಗಿಯುವುದೇ? ಇಲ್ಲ. ಮದುವೆಯ ಮನೆಯ ಅಡಿಗೆಯನ್ನು ನೆನೆಯಿರಿ. ತರಕಾರಿಯನ್ನು ಹತ್ತು ಜನ ಕುಳಿತು ಹೆಚ್ಚಿದರೆ ಹತ್ತರಲ್ಲೊಂದು ಪಾಲು ಹೊತ್ತಿನಲ್ಲಿ ಮುಗಿದೀತು. ಆದರೆ ಒಲೆಯ ಸುತ್ತ ಹತ್ತು ಜನ ನಿಂತರೂ ಅನ್ನವು ಬೇಯುವಷ್ಟು ಹೊತ್ತು ಬೇಯಲೇಬೇಕು. ಒಂದು ಗಂಟೆಯ ಕೆಲಸದಲ್ಲಿ ಅರ್ಧವನ್ನು ಮಾತ್ರ ಹಂಚಿಕೊಳ್ಳಬಹುದಾದರೆ, ನಾಲ್ಕು ಕೋರುಗಳಿಂದ ಅದು 37½ ನಿಮಿಷಕ್ಕೆ ಇಳಿಯುತ್ತದೆ. ಎಂಟು ಕೋರುಗಳಿಂದ 33¾ ನಿಮಿಷಕ್ಕೆ. ಸಾವಿರ ಕೋರುಗಳಿದ್ದರೂ 30 ನಿಮಿಷಕ್ಕಿಂತ ಕೆಳಗಿಳಿಯದು. ಈ ಮಿತಿಯನ್ನು 1967ರಲ್ಲಿ ಅಮೆರಿಕೆಯ ಜೀನ್ ಆಮ್‌ಡಾಲ್ ವಿವರಿಸಿದರಾಗಿ ಅದಕ್ಕೆ ಅವರ ಹೆಸರೇ ನಿಂತಿದೆ. ಪತ್ರ ಬರೆಯುವವನಿಗೆ, ಲೆಕ್ಕಪತ್ರ ಇಡುವವನಿಗೆ, ಪಾಠಗಳನ್ನು ನೋಡುವವನಿಗೆ ನಾಲ್ಕರಿಂದ ಆರು ಕೋರುಗಳು ಧಾರಾಳವಾಗಿ ಸಾಕು. ವಿಡಿಯೊ ಸಂಕಲನ, ಮೂರು ಆಯಾಮಗಳ ಚಿತ್ರರಚನೆ ಮುಂತಾದವು ತರಕಾರಿ ಹೆಚ್ಚುವ ಜಾತಿಯ ಕೆಲಸಗಳು. ಅಲ್ಲಿ ಕೋರುಗಳು ಹೆಚ್ಚಿದಷ್ಟೂ ಪ್ರಯೋಜನವುಂಟು.

ಇಲ್ಲಿ ಕೊಳ್ಳುವವನು ಮೋಸಹೋಗುವ ಒಂದು ತಾಣವಿದೆ. ಅಲ್ಲಿ ತುಸು ನಿಲ್ಲೋಣ. ಸಂಸ್ಕಾರಕದ ಹೆಸರಿನಲ್ಲಿರುವ ದೊಡ್ಡ ಅಂಕಿಯನ್ನು ನೋಡಿ, ಏಳು ಐದಕ್ಕಿಂತ ಮೇಲು, ಐದು ಮೂರಕ್ಕಿಂತ ಮೇಲು ಎಂದು ಜನರು ತಿಳಿಯುತ್ತಾರೆ. ಒಂದೇ ವರ್ಷದ, ಒಂದೇ ಮನೆತನದ ಸಂಸ್ಕಾರಕಗಳಲ್ಲಿ ಇದು ಬಹುಮಟ್ಟಿಗೆ ನಿಜ. ವರ್ಷಗಳು ಬೇರೆಯಾದರೆ ಸುಳ್ಳು. ಇಂಟೆಲ್ ಕಂಪನಿಯು 2016ರಲ್ಲಿ ಹೊರತಂದ ಕೋರ್ ಐ7-7500ಯು ಎಂಬುದರಲ್ಲಿ ಇರುವುದು ಎರಡೇ ಕೋರುಗಳು. ಅದೇ ಕಂಪನಿಯ 2022ರ ಕೋರ್ ಐ3-1215ಯು ಎಂಬುದರಲ್ಲಿ ದೊಡ್ಡವು ಎರಡು, ಚಿಕ್ಕವು ನಾಲ್ಕು, ಒಟ್ಟು ಆರು ಕೋರುಗಳಿವೆ. ವೇಗದಲ್ಲಿಯೂ ಇದೇ ಮುಂದು. 'ಐ7' ಎಂಬ ಹೆಸರಿಗೆ ಮರುಳಾಗಿ ಹಳೆಯ ಯಂತ್ರಕ್ಕೆ ಹೊಸದರ ಬೆಲೆ ಕೊಟ್ಟವರುಂಟು. ಗೆರೆಯ ಮುಂದಿನ ಅಂಕಿಗಳಲ್ಲಿ ಮೊದಲಿನ ಒಂದು ಅಥವಾ ಎರಡು ಅಂಕಿಗಳು ಪೀಳಿಗೆಯನ್ನು ಸೂಚಿಸುತ್ತವೆ: 7500 ಎಂದರೆ ಏಳನೆಯ ಪೀಳಿಗೆ, 1215 ಎಂದರೆ ಹನ್ನೆರಡನೆಯದು. 2023ರ ಕೊನೆಯಲ್ಲಿ ಇಂಟೆಲ್ ತನ್ನ ಹೊಸ ಸಂಸ್ಕಾರಕಗಳ ಹೆಸರಿನಿಂದ 'ಐ' ಅಕ್ಷರವನ್ನು ತೆಗೆದುಹಾಕಿ ಗೊಂದಲಕ್ಕೆ ಮತ್ತೊಂದು ಅಧ್ಯಾಯವನ್ನು ಸೇರಿಸಿತು.

ಎಎಂಡಿ ಕಂಪನಿಯ ಹೆಸರುಗಳು ಇನ್ನೂ ವಿಚಿತ್ರ. 2022ರಲ್ಲಿ ಬಂದ ರೈಜನ್ 5 7520ಯು ಎಂಬುದನ್ನು ನೋಡಿ. ಆರಂಭದ 7 ನೋಡಿದವನು ಇದು ಹೊಚ್ಚ ಹೊಸದೆಂದು ತಿಳಿಯುತ್ತಾನೆ. ಆ ಪದ್ಧತಿಯಲ್ಲಿ ಒಳಗಿನ ವಿನ್ಯಾಸವನ್ನು ಹೇಳತಕ್ಕ ಅಂಕಿಯು ಮೂರನೆಯದು. ಇಲ್ಲಿ ಅದು 2. ಎಂದರೆ 2019ರಲ್ಲಿಯೇ ಹೊರಬಂದ ಝೆನ್-2 ಎಂಬ ವಿನ್ಯಾಸವೇ ಹೊಸ ಅಂಗಿಯನ್ನು ತೊಟ್ಟು ಬಂದಿದೆ. ಹೀಗೆಂದಮಾತ್ರಕ್ಕೆ ಅದು ಕೆಟ್ಟ ಯಂತ್ರವೆಂದಲ್ಲ. ಕಡಮೆ ಬೆಲೆಗೆ ಬಂದರೆ ಬರವಣಿಗೆಗೆ ಚೆನ್ನಾಗಿಯೇ ಆದೀತು. ಹಳೆಯದನ್ನು ಹಳೆಯದೆಂದು ತಿಳಿದು ಕೊಳ್ಳಬೇಕು, ಅಷ್ಟೆ. ಇನ್ನು ಹೆಸರಿನ ತುದಿಯ ಅಕ್ಷರ: 'ಯು' ಎಂದಿದ್ದರೆ ಸುಮಾರು 15 ವಾಟುಗಳ ಮಿತವ್ಯಯಿ, 'ಎಚ್' ಎಂದಿದ್ದರೆ 45 ವಾಟುಗಳ ಸುಮಾರಿನ ಬಲಶಾಲಿ. ಬಲಶಾಲಿಯು ಬೇಗ ಬಿಸಿಯಾಗುತ್ತಾನೆ, ಬ್ಯಾಟರಿಯನ್ನು ಬೇಗ ಬರಿದುಮಾಡುತ್ತಾನೆ. ತೀರ ತೆಳುವಾದ ಮೈಯೊಳಗೆ ಅವನನ್ನು ಕೂರಿಸಿದರೆ ಶಾಖ ಹೊರಹೋಗಲಾರದೆ ತಾನಾಗಿಯೇ ವೇಗವನ್ನು ತಗ್ಗಿಸಿಕೊಳ್ಳುತ್ತಾನೆ. ಕೊಟ್ಟ ಹಣದ ಒಂದು ಪಾಲು ಬಿಸಿಗಾಳಿಯಾಗಿ ಹೋದಂತೆಯೇ ಸರಿ.

ಸ್ಮೃತಿ ಮತ್ತು ಸಂಗ್ರಹ

ವಿದ್ಯಾರ್ಥಿಯ ಯಂತ್ರವು ನಿಧಾನವಾಗಿದೆ ಎಂಬ ದೂರನ್ನು ಕೇಳಿದಾಗಲೆಲ್ಲ ನಾವು ಮೊದಲು ಸಂಶಯಪಡುವುದು ಸಂಸ್ಕಾರಕವನ್ನಲ್ಲ, ಸ್ಮೃತಿಯನ್ನೂ ಸಂಗ್ರಹವನ್ನೂ. ಇವೆರಡರ ಭೇದವು ಅನೇಕರಿಗೆ ತಿಳಿಯದು. ಓದುವ ಮೇಜು ಸ್ಮೃತಿ. ಅಂಗಡಿಯಲ್ಲಿ ಇದನ್ನೇ ರ್ಯಾಮ್ ಎನ್ನುತ್ತಾರೆ. ಪುಸ್ತಕಗಳನ್ನು ಇಡುವ ಬೀರು ಸಂಗ್ರಹ. ವಿದ್ಯುತ್ತು ಹೋದೊಡನೆ ಮೇಜು ಬರಿದಾಗುತ್ತದೆ, ಬೀರುವಿನಲ್ಲಿಟ್ಟದ್ದು ಉಳಿಯುತ್ತದೆ. ಸಂಸ್ಕಾರಕವೆಂಬ ಓದುಗನು ಮೇಜಿನ ಮೇಲಿರುವುದನ್ನು ಮಾತ್ರ ಓದಬಲ್ಲ. ಮೇಜು ಚಿಕ್ಕದಾದರೆ ಒಂದು ಪುಸ್ತಕವನ್ನು ತೆರೆಯಲು ಇನ್ನೊಂದನ್ನು ಎತ್ತಿ ಬೀರುವಿಗೆ ಇಟ್ಟುಬರಬೇಕು. ಮತ್ತೆ ಅದೇ ಬೇಕಾದಾಗ ಮತ್ತೆ ಏಳಬೇಕು. ಯಂತ್ರವು ತೆವಳುತ್ತಿದೆ ಎನ್ನುವ ಹೊತ್ತಿನಲ್ಲಿ ಒಳಗೆ ನಡೆಯುತ್ತಿರುವುದು ಬಹುಶಃ ಈ ಓಡಾಟವೇ.

ಓಡಾಟಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ? ಸ್ಮೃತಿಯಿಂದ ಒಂದು ಅಂಶವನ್ನು ತರಲು ಬೇಕಾದ ಕಾಲ ಸೆಕೆಂಡಿನ ಕೋಟಿಯಲ್ಲೊಂದು ಭಾಗದಷ್ಟು. ಚಲಿಸುವ ಭಾಗಗಳಿಲ್ಲದ ಎಸ್‌ಎಸ್‌ಡಿ ಎಂಬ ಸಂಗ್ರಹದಿಂದ ತರಲು ಸುಮಾರು ಹತ್ತು ಸಾವಿರದಲ್ಲೊಂದು ಭಾಗ. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕಾದರೋ, ನಿಮಿಷಕ್ಕೆ 5,400 ಸುತ್ತು ಸುತ್ತುವಂಥದು, ಒಂದು ಸುತ್ತಿಗೇ 11 ಮಿಲಿಸೆಕೆಂಡುಗಳನ್ನು ತೆಗೆದುಕೊಳ್ಳುತ್ತದೆ. ಓದುವ ಕಡ್ಡಿಯು ಸರಿಯಾದ ಜಾಗಕ್ಕೆ ಹೊರಳುವ ಕಾಲವೂ ಸೇರಿದರೆ ಸರಾಸರಿ 15 ಮಿಲಿಸೆಕೆಂಡು ಎನ್ನೋಣ. ಈ ಸಂಖ್ಯೆಗಳು ಮನಸ್ಸಿಗೆ ನಾಟುವುದಿಲ್ಲ. ಆದುದರಿಂದ ಕಾಲವನ್ನು ಹಿಗ್ಗಿಸಿ ನೋಡೋಣ. ಮೇಜಿನ ಮೇಲಿನ ಪುಸ್ತಕವನ್ನು ಕೈಗೆತ್ತಿಕೊಳ್ಳಲು ಒಂದು ನಿಮಿಷ ಹಿಡಿಯುವುದಾದರೆ, ಎಸ್‌ಎಸ್‌ಡಿ ಎಂಬ ಬೀರುವಿನಿಂದ ತರಲು ಹದಿನೇಳು ಗಂಟೆ ಹಿಡಿಯುತ್ತದೆ. ತಿರುಗುವ ತಟ್ಟೆಯಿಂದ ತರಲು ನೂರನಾಲ್ಕು ದಿನ! ಶ್ರಾವಣದಲ್ಲಿ ಹೊರಟವನು ಕಾರ್ತಿಕದಲ್ಲಿ ಹಿಂತಿರುಗಿದಂತಾಯಿತು.

ಈ ಒಂದು ಲೆಕ್ಕದಿಂದ ಎರಡು ನಿರ್ಣಯಗಳು ಹೊರಡುತ್ತವೆ. ತಿರುಗುವ ತಟ್ಟೆಯೊಂದೇ ಇರುವ ಯಂತ್ರವನ್ನು, ಎಷ್ಟೇ ಅಗ್ಗವಾಗಿ ಬಂದರೂ, ಈಗ ಕೊಳ್ಳಬಾರದು. ಹಳೆಯದೊಂದು ಮನೆಯಲ್ಲಿದ್ದರೆ ಆ ತಟ್ಟೆಯನ್ನು ತೆಗೆಸಿ ಎಸ್‌ಎಸ್‌ಡಿಯನ್ನು ಹಾಕಿಸಿದರೆ ಅದಕ್ಕೆ ಮರುಜನ್ಮ ಬರುತ್ತದೆ. ಹೊಸದನ್ನು ಕೊಳ್ಳುವ ವಿಚಾರವನ್ನೇ ಇದರಿಂದ ಎರಡು ವರ್ಷ ಮುಂದೂಡಿದವರನ್ನು ನಾವು ಬಲ್ಲೆವು. ಎರಡನೆಯದಾಗಿ, ಮೇಜನ್ನು ಕಿರಿದು ಮಾಡಿ ಹಣ ಉಳಿಸುವುದು ದಂಡ. ವಿಂಡೋಸ್-11 ನಡೆಯಲು 4 ಗಿಗಾಬೈಟು ಸ್ಮೃತಿ ಸಾಕೆಂದು ಅದರ ತಯಾರಕರೇ ಹೇಳುತ್ತಾರೆ. ಆದರೆ ನಡೆಯುವುದು ಬೇರೆ, ಹೊತ್ತುಕೊಂಡು ನಡೆಯುವುದು ಬೇರೆ. ಬರವಣಿಗೆ, ಜಾಲದಲ್ಲಿನ ಓದು, ಪಾಠದ ವಿಡಿಯೊ ಇಷ್ಟಕ್ಕೇ 8 ಗಿಗಾಬೈಟು ಬೇಕು. ನಾಲ್ಕು ವರ್ಷ ಬಾಳಬೇಕಾದ ಯಂತ್ರಕ್ಕೆ 16 ಇದ್ದರೆ ನಿಶ್ಚಿಂತೆ. ಒಂದು ವೇಳೆ ಹಣ ಸಾಲದಿದ್ದರೆ 8 ಗಿಗಾಬೈಟನ್ನೇ ಕೊಳ್ಳಬಹುದು. ಆದರೆ ಮುಂದೆ ಇನ್ನೊಂದು ಸ್ಮೃತಿಫಲಕವನ್ನು ಸೇರಿಸಲು ಖಾಲಿ ಜಾಗವಿದೆಯೇ ಎಂದು ತಪ್ಪದೆ ಕೇಳಬೇಕು. ಈಚಿನ ತೆಳು ಯಂತ್ರಗಳಲ್ಲಿ ಸ್ಮೃತಿಯನ್ನು ಮೂಲಫಲಕಕ್ಕೆ ಬೆಸುಗೆ ಹಾಕಿಬಿಟ್ಟಿರುತ್ತಾರೆ. ಕೊಂಡ ದಿನ ಎಷ್ಟೋ ಕೊನೆಯ ದಿನವೂ ಅಷ್ಟೆ. ಮುಂದೆ ಅಗ್ಗವಾದಾಗ ಸೇರಿಸಿದರಾಯಿತೆಂಬ ಲೆಕ್ಕವೂ ಯಾವಾಗಲೂ ನಡೆಯದು. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದೊಡ್ಡ ಕೇಂದ್ರಗಳು ಸ್ಮೃತಿಚಿಪ್ಪುಗಳನ್ನು ರಾಶಿರಾಶಿಯಾಗಿ ಕೊಳ್ಳತೊಡಗಿದುದರಿಂದ ಅವುಗಳ ಬೆಲೆ ಇಳಿಯುವ ಬದಲು ಥಟ್ಟನೆ ಏರಿತು.

ಸಂಗ್ರಹದ ಬಗೆಗೆ ಇನ್ನೊಂದು ಮಾತು. ಅತಿ ಅಗ್ಗದ ಕೆಲವು ಯಂತ್ರಗಳಲ್ಲಿ ಇಎಂಎಂಸಿ ಎಂಬ 64 ಅಥವಾ 128 ಗಿಗಾಬೈಟಿನ ಸಂಗ್ರಹವಿರುತ್ತದೆ. ಅದು ಎಸ್‌ಎಸ್‌ಡಿಗಿಂತ ಬಹಳ ನಿಧಾನ, ಬದಲಾಯಿಸಲೂ ಬಾರದು. ವಿಂಡೋಸಿನ ನವೀಕರಣಗಳೇ ಅದರ ಬಹುಪಾಲನ್ನು ನುಂಗಿಬಿಡುತ್ತವೆ. ಹಾಗೆಯೇ, 512 ಗಿಗಾಬೈಟು ಕೊಟ್ಟೆವೆಂದು ಹೇಳಿ 476 ಮಾತ್ರ ಕೊಟ್ಟಿದ್ದಾರೆಂದು ಕೆಲವರು ಅಂಗಡಿಯವನೊಡನೆ ಜಗಳಕ್ಕಿಳಿಯುವುದುಂಟು. ಅವನು ನಿರ್ದೋಷಿ. ತಯಾರಕನು ಗಿಗಾ ಎಂದರೆ ನೂರು ಕೋಟಿ ಎಂದೆಣಿಸುತ್ತಾನೆ. ವಿಂಡೋಸಾದರೋ ಎರಡರ ಮೂವತ್ತನೆಯ ಘಾತ, ಎಂದರೆ 107,37,41,824 ಎಂದೆಣಿಸುತ್ತದೆ. ಭಾಗಿಸಿ ನೋಡಿದರೆ ಲೆಕ್ಕ ಸರಿಹೋಗುತ್ತದೆ.

ಕಣ್ಣು, ಕೈ, ಕರೆಂಟು

ವೇಗದ ಅಂಕಿಗಳಲ್ಲಿ ಮುಳುಗಿದವನು ದಿನವೂ ನಾಲ್ಕೈದು ಗಂಟೆ ತಾನು ನೋಡಬೇಕಾದ ತೆರೆಯನ್ನು ಮರೆತುಬಿಡುತ್ತಾನೆ. 1366ಕ್ಕೆ 768 ಚುಕ್ಕಿಗಳ ತೆರೆಯಲ್ಲಿ ಒಟ್ಟು ಹತ್ತೂವರೆ ಲಕ್ಷ ಚುಕ್ಕಿಗಳು; 1920ಕ್ಕೆ 1080ರದರಲ್ಲಿ ಇಪ್ಪತ್ತು ಲಕ್ಷಕ್ಕೆ ಮಿಗಿಲು. ಇಂಗ್ಲಿಷನ್ನು ಮಾತ್ರ ಓದುವವನು ಮೊದಲನೆಯದರಲ್ಲಿಯೂ ಹೇಗೋ ಸುಧಾರಿಸಿಯಾನು. ಕನ್ನಡಕ್ಕೆ ಹಾಗಲ್ಲ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇನ್ನೊಂದು ಪುಟ್ಟ ಸಾಲಾಗಿ ನಿಲ್ಲುತ್ತವೆ. 'ಲಕ್ಷ್ಮಿ', 'ರಾಷ್ಟ್ರ' ಮುಂತಾದ ಪದಗಳಲ್ಲಿ ಒತ್ತಿನ ಮೇಲೆ ಒತ್ತು ಬರುತ್ತದೆ. ಚುಕ್ಕಿಗಳು ಸಾಲದಿದ್ದಲ್ಲಿ ಇವು ಕಲಸಿಹೋಗಿ ಕಣ್ಣಿಗೆ ಆಯಾಸವನ್ನುಂಟುಮಾಡುತ್ತವೆ. ಆದುದರಿಂದ ಕನ್ನಡದಲ್ಲಿ ಓದುಬರಹ ಮಾಡತಕ್ಕವರು 1920ಕ್ಕೆ 1080ಕ್ಕಿಂತ ಕಡಮೆಯದನ್ನು ಒಪ್ಪಬಾರದು. ಅಂಗಡಿಯಲ್ಲಿಯೇ ಒಂದು ಕನ್ನಡ ಪುಟವನ್ನು ತೆರೆಸಿ, ಬದಿಯಿಂದಲೂ ಮೇಲಿನಿಂದಲೂ ನೋಡಬೇಕು. ಬಣ್ಣ ಮಾಸಿ ಕಪ್ಪಿಡುವ ತೆರೆಗಿಂತ ಐಪಿಎಸ್ ಜಾತಿಯ ತೆರೆ ಲೇಸು. ಅದೇ ಸಮಯದಲ್ಲಿ ಕೀಲಿಮಣೆಯ ಮೇಲೆ ಹತ್ತು ವಾಕ್ಯಗಳನ್ನು ಬರೆದು ನೋಡಲು ಸಂಕೋಚಪಡಬೇಕಾಗಿಲ್ಲ. ಕನ್ನಡದ ಅಕ್ಷರಗಳನ್ನು ಕೀಲಿಗಳ ಮೇಲೆ ಅಚ್ಚು ಹಾಕಿರಬೇಕೆಂಬ ಅಗತ್ಯವೇನೂ ಇಲ್ಲ, ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ ಮಾಮೂಲಿನ ಇಂಗ್ಲಿಷ್ ಕೀಲಿಗಳಿಂದಲೇ ಕನ್ನಡವನ್ನು ಸರಾಗವಾಗಿ ಬರೆಯಬಹುದು.

ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ಮಲೆನಾಡಿನ ವಿದ್ಯಾರ್ಥಿಗೆ ಬ್ಯಾಟರಿಯು ಅಲಂಕಾರವಲ್ಲ. "ಹತ್ತು ಗಂಟೆ ಬರುತ್ತದೆ" ಎಂಬ ಜಾಹೀರಾತಿನ ಮಾತನ್ನು ಬದಿಗಿಟ್ಟು, ಬ್ಯಾಟರಿಯ ವಾಟ್-ಗಂಟೆಗಳನ್ನು ಕೇಳಿರಿ. ಬರವಣಿಗೆ ನಡೆಯುವಾಗ ಯಂತ್ರವು 8 ವಾಟುಗಳನ್ನು ಬಳಸಿದರೆ, 40 ವಾಟ್-ಗಂಟೆಯ ಬ್ಯಾಟರಿ ಐದು ಗಂಟೆ ನಡೆದೀತು. ವಿಡಿಯೊ ಸಂಕಲನದಲ್ಲಿ 40 ವಾಟುಗಳನ್ನು ಬಳಸಿದರೆ ಒಂದೇ ಗಂಟೆ. ಲಿಥಿಯಂ ಬ್ಯಾಟರಿಗಳು ಬಳಸಿದಂತೆಲ್ಲ ಸೊರಗುತ್ತವೆ. ಕೆಲವು ನೂರು ಸಲ ಪೂರ್ತಿ ತುಂಬಿ ಬರಿದಾಗುವಷ್ಟರಲ್ಲಿ ಐದರಲ್ಲೊಂದು ಪಾಲು ಶಕ್ತಿ ಕುಂದುವುದು ಸಾಮಾನ್ಯ. ಯಂತ್ರವನ್ನು ಎಲ್ಲಿಗೂ ಹೊತ್ತು ಹೋಗಬೇಕಾಗಿಲ್ಲದವರಿಗೆ ಮೇಜಿನ ಗಣಕಯಂತ್ರವೇ ಅದೇ ಹಣಕ್ಕೆ ಹೆಚ್ಚು ಬಲವನ್ನು ಕೊಡುತ್ತದೆ, ರಿಪೇರಿಯೂ ಸುಲಭ. ಆದರೆ ಅದು ತೆರೆಯೂ ಸೇರಿ 100 ವಾಟು ಬಳಸಿದರೆ, ದಿನಕ್ಕೆ ಐದು ಗಂಟೆಯಂತೆ ತಿಂಗಳಿಗೆ 15 ಯೂನಿಟ್ಟು. 20 ವಾಟಿನ ಲ್ಯಾಪ್‌ಟಾಪಿಗೆ 3 ಯೂನಿಟ್ಟು. ಕರೆಂಟು ಹೋದಾಗ ಬರೆದದ್ದು ಅಳಿಯದಿರಲು ಯುಪಿಎಸ್ ಎಂಬ ಪೆಟ್ಟಿಗೆಯನ್ನೂ ಇಡಬೇಕು. ಈ ವೆಚ್ಚಗಳನ್ನು ಬೆಲೆಯ ಜೊತೆಗೆ ಕೂಡಿಸಿಯೇ ಹೋಲಿಸತಕ್ಕದ್ದು.

ಚಿತ್ರಸಂಸ್ಕಾರಕ, ಎಂದರೆ ಪ್ರತ್ಯೇಕವಾದ ಗ್ರಾಫಿಕ್ಸ್ ಕಾರ್ಡು, ವಾಣಿಜ್ಯ ಅಥವಾ ಕಲಾ ವಿಭಾಗದ ವಿದ್ಯಾರ್ಥಿಗೆ ಬೇಕಿಲ್ಲ. ಇಂಜಿನಿಯರಿಂಗ್ ನಕ್ಷೆಗಳು, ವಿಡಿಯೊ, ಯಂತ್ರಕಲಿಕೆ ಇವುಗಳಿಗೆ ಬೇಕು; ಆಟಗಳಿಗೂ ಬೇಕು, ಆದರೆ ಅದನ್ನು ಮನೆಯಲ್ಲಿ 'ಓದಿಗೆ' ಎಂದು ಹೇಳಿ ಕೊಳ್ಳುವುದು ಬೇರೆ ವಿಷಯ. 2024ರಿಂದೀಚೆಗೆ ಕೃತಕ ಬುದ್ಧಿಮತ್ತೆಯ ಹೆಸರನ್ನು ಅಂಟಿಸಿಕೊಂಡ ಯಂತ್ರಗಳು ಬಂದಿವೆ. ಅವುಗಳಲ್ಲಿ ಅದಕ್ಕೆಂದೇ ಒಂದು ಕಿರು ಸಂಸ್ಕಾರಕವಿರುತ್ತದೆ. ವಿದ್ಯಾರ್ಥಿಗಳು ಪ್ರಶ್ನೆ ಕೇಳಿ ಉತ್ತರ ಪಡೆಯುವ ಸೇವೆಗಳು ಬಹುತೇಕ ದೂರದ ದೊಡ್ಡ ಯಂತ್ರಗಳಲ್ಲಿ ನಡೆಯುತ್ತವಾದ್ದರಿಂದ, ಆ ಹೆಸರಿಗಾಗಿಯೇ ಹೆಚ್ಚು ಹಣ ತೆರುವ ಕಾರಣ ನಮಗೆ ಕಾಣುವುದಿಲ್ಲ.

ತಂತ್ರಾಂಶವನ್ನು ಮೊದಲೇ ವಿಚಾರಿಸದೆ ಹೋದರೆ ಪೇಚಿಗೆ ಸಿಲುಕಬೇಕಾಗುತ್ತದೆ. ಯಂತ್ರಶಿಲ್ಪದ ವಿದ್ಯಾರ್ಥಿಗಳು ಬಳಸುವ ಸಾಲಿಡ್‌ವರ್ಕ್ಸ್ ವಿಂಡೋಸಿಗೆಂದೇ ರಚಿತವಾದುದು. ಅಂಥವನು ಕ್ರೋಮ್‌ಬುಕ್ಕನ್ನೋ ಆಪಲ್ ಯಂತ್ರವನ್ನೋ ಕೊಂಡುಬಂದರೆ ಪ್ರಯೋಗಾಲಯದಲ್ಲಿಯೇ ಕುಳಿತು ಕೆಲಸ ಮುಗಿಸಬೇಕಾದೀತು. ಅದೇ, ಪ್ರೋಗ್ರಾಮ್ ರಚನೆಯನ್ನು ಕಲಿಯುವವನಿಗೆ ಯಾವ ಬೆಲೆಯೂ ಇಲ್ಲದ ಲಿನಕ್ಸ್ ವ್ಯವಸ್ಥೆಯೇ ಒಳ್ಳೆಯ ಗುರು. ಬರವಣಿಗೆಗೆ ಲಿಬ್ರೆ ಆಫೀಸ್ ಸಹ ಉಚಿತವಾಗಿ ದೊರೆಯುತ್ತದೆ. ಯಾವ ಯಾವ ತಂತ್ರಾಂಶಗಳು ಬೇಕಾಗುತ್ತವೆಂದು ಮೇಲಿನ ತರಗತಿಯ ವಿದ್ಯಾರ್ಥಿಯೊಬ್ಬನನ್ನು ಕೇಳಿದರೆ ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಹಣದ ಲೆಕ್ಕ

ನಲವತ್ತು ಸಾವಿರ ರೂಪಾಯಿಗಳನ್ನು ಕೂಡಿಸಿಕೊಂಡ ಒಬ್ಬ ಬಿ.ಕಾಂ. ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ಈ ಮೊತ್ತದಲ್ಲಿ ಶೇಕಡ 18ರ ಸರಕು ತೆರಿಗೆಯೂ ಸೇರಿರುತ್ತದೆ. ಅಂದರೆ ಸುಮಾರು 6,100 ರೂಪಾಯಿ ತೆರಿಗೆಗೆ ಹೋಗಿ, ಯಂತ್ರದ ಮೂಲಬೆಲೆ 33,900ರಷ್ಟು. ಆಕೆಯ ಪಟ್ಟಿಯಲ್ಲಿರುವುದು ಲೆಕ್ಕದ ಹಾಳೆಗಳು, ಟ್ಯಾಲಿ, ಬರವಣಿಗೆ, ಪಾಠದ ವಿಡಿಯೊ. ಬೇಕಾದುದು ಸಾಧಾರಣವಾದ ಆದರೆ ಈಚಿನ ಪೀಳಿಗೆಯ ಸಂಸ್ಕಾರಕ, 8 ಗಿಗಾಬೈಟು ಸ್ಮೃತಿ ಮತ್ತು ಬೆಳೆಯಲು ಜಾಗ, 512 ಗಿಗಾಬೈಟಿನ ಎಸ್‌ಎಸ್‌ಡಿ, ಒಳ್ಳೆಯ ತೆರೆ. ನಲವತ್ತು ಸಾವಿರವನ್ನೂ ಯಂತ್ರಕ್ಕೇ ಸುರಿಯಬಾರದು. ನಾಲ್ಕು ಸಾವಿರವನ್ನಾದರೂ ಬದಿಗಿಟ್ಟು, ಬರೆದದ್ದರ ಪ್ರತಿ ತೆಗೆದಿಡಲು ಹೊರಗಿನ ಸಂಗ್ರಹವೊಂದನ್ನೂ ಒಂದು ಗಟ್ಟಿಯಾದ ಚೀಲವನ್ನೂ ಕೊಳ್ಳಬೇಕು. ಅಂಗಡಿಯವನು "ಇನ್ನು ಹದಿನೈದು ಸಾವಿರ ಹಾಕಿದರೆ ಗ್ರಾಫಿಕ್ಸ್ ಕಾರ್ಡು ಬರುತ್ತದಮ್ಮ, ಕಂತಿನಲ್ಲಿ ಕಟ್ಟಿದರಾಯಿತು" ಎನ್ನುತ್ತಾನೆ. ಆಕೆಯ ಪಟ್ಟಿಯಲ್ಲಿ ಅದಕ್ಕೆ ಕೆಲಸವಿಲ್ಲ. ಹಾಗೆಂದು ಅತಿ ಅಗ್ಗವೂ ಅಗ್ಗವಲ್ಲ: 30,000 ರೂಪಾಯಿಗೆ ಕೊಂಡು ಮೂರೇ ವರ್ಷಕ್ಕೆ ಕೈಬಿಟ್ಟ ಯಂತ್ರಕ್ಕೆ ವರ್ಷಕ್ಕೆ 10,000 ಬೀಳುತ್ತದೆ, 42,000ದ್ದು ಆರು ವರ್ಷ ಬಾಳಿದರೆ ವರ್ಷಕ್ಕೆ 7,000.

ಇಪ್ಪತ್ತು ಸಾವಿರದಷ್ಟೇ ಇರುವವರು ಏನು ಮಾಡಬೇಕು? ಇಷ್ಟರಲ್ಲಿ ದೊರೆಯುವ ಹೊಸ ಯಂತ್ರಗಳಿಗಿಂತ, ಕಚೇರಿಗಳು ಮೂರು ನಾಲ್ಕು ವರ್ಷ ಬಳಸಿ ಮಾರಿದ, ದುರಸ್ತಾದ ಯಂತ್ರಗಳನ್ನೇ ನಾವು ಮೇಲೆಂದು ಹೇಳುತ್ತೇವೆ. ಕಚೇರಿಗೆಂದು ಮಾಡಿದವುಗಳ ಮೈ ಗಟ್ಟಿ, ಬಿಡಿಭಾಗಗಳು ಸಿಗುತ್ತವೆ, ಸ್ಮೃತಿಯನ್ನು ಅನೇಕವೇಳೆ ಹೆಚ್ಚಿಸಲೂಬಹುದು. ಆದರೆ ಇಲ್ಲೊಂದು ಗುಂಡಿಯಿದೆ. ವಿಂಡೋಸ್-10ಕ್ಕೆ ತಯಾರಕರು ಕೊಡುತ್ತಿದ್ದ ಉಚಿತ ರಕ್ಷಣೆಯು 2025ರ ಅಕ್ಟೋಬರ್ 14ರಂದು ಸಾಮಾನ್ಯವಾಗಿ ಮುಗಿಯಿತು. ವಿಂಡೋಸ್-11 ಆದರೋ ಇಂಟೆಲಿನ ಎಂಟನೆಯ ಪೀಳಿಗೆಗಿಂತ ಹಿಂದಿನ ಸಂಸ್ಕಾರಕಗಳನ್ನು, ಕೆಲವೇ ಕೆಲವನ್ನುಳಿದು, ಒಪ್ಪುವುದಿಲ್ಲ. ಆದುದರಿಂದ ಆರು ಏಳನೆಯ ಪೀಳಿಗೆಯ ಕಚೇರಿ ಯಂತ್ರಗಳು ಈಗ ಅಗ್ಗವಾಗಿ ಬಿಕರಿಯಾಗುತ್ತಿವೆ. ಲಿನಕ್ಸ್ ಬಳಸುವೆನೆಂಬವನಿಗೆ ಇದು ಭಾಗ್ಯವೇ. ವಿಂಡೋಸೇ ಬೇಕೆಂಬವನಿಗೆ ನಷ್ಟ. ಬಳಸಿದ ಯಂತ್ರವನ್ನು ನೋಡುವಾಗ ಬ್ಯಾಟರಿಯ ವರದಿಯನ್ನು ತೆಗೆಸಿ, ಹುಟ್ಟಿದಾಗಿನ ಶಕ್ತಿ ಎಷ್ಟು, ಈಗ ಪೂರ್ತಿ ತುಂಬಿದಾಗ ಎಷ್ಟು ಎಂಬ ಎರಡು ಅಂಕಿಗಳನ್ನು ಹೋಲಿಸಬೇಕು. ತಿರುಗಣಿಗಳು ಸಡಿಲವಾಗಿವೆಯೇ, ಎಲ್ಲ ಕಿಂಡಿಗಳೂ ಕೆಲಸ ಮಾಡುತ್ತವೆಯೇ ಎಂಬುದನ್ನೂ ನೋಡಬೇಕು.

ಯಾವುದನ್ನೇ ಕೊಂಡರೂ ತೆರಿಗೆ ನಮೂದಿಸಿದ ರಸೀತಿಯನ್ನು ಪಡೆಯದೆ ಬರಬಾರದು. ಖಾತರಿಯ ಅವಧಿಯು ಆ ರಸೀತಿಯಿಂದಲೇ ಸಿದ್ಧವಾಗಬೇಕು. ನಿಮ್ಮ ಊರಿಗೆ ಹತ್ತಿರದ ಪೇಟೆಯಲ್ಲಿ ಆ ಕಂಪನಿಯ ಸೇವಾಕೇಂದ್ರ ಇದೆಯೇ, ಅಥವಾ ಪ್ರತಿ ರಿಪೇರಿಗೂ ಬೆಂಗಳೂರಿನ ಬಸ್ಸು ಹತ್ತಬೇಕೇ ಎಂಬುದನ್ನು ಹಣ ಕೊಡುವ ಮುನ್ನವೇ ಕೇಳಿರಿ. ಮನೆಗೆ ತಂದ ಮೊದಲ ವಾರದಲ್ಲಿ ಯಂತ್ರಕ್ಕೆ ಬಿಡುವು ಕೊಡಬೇಡಿ: ಎರಡು ಗಂಟೆ ಸತತವಾಗಿ ವಿಡಿಯೊ ನಡೆಸಿ ಶಾಖವನ್ನು ಗಮನಿಸಿ, ಬಿಳಿಯ ಪುಟವನ್ನು ತೆರೆದು ಸತ್ತ ಚುಕ್ಕಿಗಳನ್ನು ಹುಡುಕಿ, ಪ್ರತಿಯೊಂದು ಕೀಲಿಯನ್ನೂ ಒತ್ತಿ, ಕ್ಯಾಮೆರಾ ಧ್ವನಿಗಳನ್ನು ಪರೀಕ್ಷಿಸಿ, ಬ್ಯಾಟರಿಯನ್ನು ಒಮ್ಮೆ ಪೂರ್ತಿ ಇಳಿಸಿ ಎಷ್ಟು ಹೊತ್ತು ಬಂತೆಂದು ಬರೆದಿಡಿ. ದೋಷಗಳು ಕಾಣಿಸಿಕೊಂಡರೆ ಬದಲಾಯಿಸಿಕೊಡುವ ಅವಧಿಯು ಸಾಮಾನ್ಯವಾಗಿ ಕೆಲವೇ ದಿನಗಳದು. ಅದು ಮುಗಿಯುವವರೆಗೆ ಯಂತ್ರ ಬಂದ ಪೆಟ್ಟಿಗೆಯನ್ನೂ ಒಳಗಿನ ದಿಂಬುಗಳನ್ನೂ ಅಟ್ಟದ ಮೇಲೆ ಹಾಗೆಯೇ ಇಟ್ಟಿರಬೇಕು.